‘12,000 ಅಶ್ವಶಕ್ತಿ’ ಎಂಬ ಸಂಖ್ಯೆ: ಡಬ್ಲ್ಯುಎಜಿ-12ಬಿ ಸರಕು ಎಂಜಿನ್ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಬಿಹಾರದ ಮಧೇಪುರಾ ಕಾರ್ಖಾನೆಯ ಡಬ್ಲ್ಯುಎಜಿ-12ಬಿ ವಿದ್ಯುತ್ ಎಂಜಿನ್, ಹಿಂದಿನ ಡಬ್ಲ್ಯುಎಜಿ-9ರ ‘ಎರಡು ಪಟ್ಟು’ ಬಲದ್ದೆಂದು ಸಾಮಾನ್ಯವಾಗಿ ಬರೆಯಲಾಗುತ್ತದೆ. ಈ ಹೇಳಿಕೆ ಯಾವ ಅಳತೆಗೆ ಹೊಂದುತ್ತದೆ, ಯಾವುದಕ್ಕೆ ಹೊಂದುವುದಿಲ್ಲ ಎಂಬುದಷ್ಟೇ ಇಲ್ಲಿನ ವಿಚಾರ.

2. ದಿನಾಂಕಗಳು

ಆಲ್‌ಸ್ಟಾಮ್ ಸಂಸ್ಥೆಯೊಂದಿಗೆ 800 ಎಂಜಿನ್‌ಗಳ ಒಪ್ಪಂದಕ್ಕೆ ಸಹಿ ಬಿದ್ದದ್ದು 2015ರ ನವೆಂಬರ್‌ನಲ್ಲಿ. ‘ಮೊದಲ ಎಂಜಿನ್’ ಯಾವಾಗ ಬಂತು ಎಂಬ ಪ್ರಶ್ನೆಗೆ ಮಾತ್ರ ಎರಡು ಉತ್ತರಗಳು ಚಲಾವಣೆಯಲ್ಲಿವೆ. 2018ರ ಏಪ್ರಿಲ್ 10ರಂದು ಮೋತಿಹಾರಿಯ ಸಮಾರಂಭದಲ್ಲಿ ಹಸಿರು ನಿಶಾನೆ ಕಂಡದ್ದು ಒಂದು. 2020ರ ಮೇ 18ರಂದು ದೀನದಯಾಳ್ ಉಪಾಧ್ಯಾಯ ಜಂಕ್ಷನ್‌ನಿಂದ ಸರಕು ಹೊತ್ತು ಹೊರಟ 60027 ಸಂಖ್ಯೆಯ ಎಂಜಿನ್ ಇನ್ನೊಂದು. ಎರಡೂ ಸರಿ. ಮೊದಲನೆಯದು ಅನಾವರಣದ ದಿನ, ಎರಡನೆಯದು ಸೇವೆಯ ದಿನ. ನಡುವಿನ ಎರಡು ವರ್ಷಗಳಲ್ಲಿ ಬೋಗಿಯ ವಿನ್ಯಾಸ ಬದಲಾಯಿತು. ಆದ್ದರಿಂದ ತಾಂತ್ರಿಕ ಹೋಲಿಕೆಗೆ 2020ರ ದಿನಾಂಕವನ್ನೇ ಆಧಾರವಾಗಿ ಇಟ್ಟುಕೊಳ್ಳುವುದು ಸೂಕ್ತ. ಅಂದಿನ ಗಾಡಿಯಲ್ಲಿ 118 ವ್ಯಾಗನ್‌ಗಳಿದ್ದವು, ಅಂದರೆ ಬಹುಮಟ್ಟಿಗೆ ಎರಡು ಸಾಮಾನ್ಯ ಗೂಡ್ಸ್ ಗಾಡಿಗಳ ಜೋಡಣೆ.

3. ಅಶ್ವಶಕ್ತಿಯ ಗೊಂದಲ

ಡಬ್ಲ್ಯುಎಜಿ-9ರ ನಿರಂತರ ಸಾಮರ್ಥ್ಯ 4,500 ಕಿಲೋವ್ಯಾಟ್. ಪ್ರಕಟಿತ ಅಶ್ವಶಕ್ತಿ ಕೆಲವೆಡೆ 6,000, ಕೆಲವೆಡೆ 6,120. ಬ್ರಿಟಿಷ್ ಅಶ್ವಶಕ್ತಿಯಲ್ಲಿ (0.7457 ಕಿಲೋವ್ಯಾಟ್) 4,500 ಕಿಲೋವ್ಯಾಟ್ 6,035 ಆಗುತ್ತದೆ, ಮೆಟ್ರಿಕ್ ಅಶ್ವಶಕ್ತಿಯಲ್ಲಿ (0.7355) 6,118. ಹೀಗಾಗಿ 6,120 ಎಂಬುದು ಮೆಟ್ರಿಕ್ ಮಾನದ್ದೆಂದು ಊಹಿಸಬಹುದು. ಇದೇ ಎಂಜಿನ್‌ನ ಎಳೆತದ ಮೋಟಾರಿಗೆ 850 ಕಿಲೋವ್ಯಾಟ್, 1,156 ಅಶ್ವಶಕ್ತಿ ಎಂದು ನಮೂದಾಗಿದೆ. ಈ ಜೋಡಿಯೂ ಮೆಟ್ರಿಕ್ ಮಾನಕ್ಕೇ ಹೊಂದುವುದರಿಂದ ಊಹೆಗೆ ಬಲ ಬರುತ್ತದೆ.

ಡಬ್ಲ್ಯುಎಜಿ-12ಬಿಯ ಸಾಮರ್ಥ್ಯ 9,000 ಕಿಲೋವ್ಯಾಟ್: ಬ್ರಿಟಿಷ್ ಮಾನದಲ್ಲಿ 12,069, ಮೆಟ್ರಿಕ್ ಮಾನದಲ್ಲಿ 12,237. ಪ್ರಚಾರದ 12,000 ಎರಡನ್ನೂ ಕೆಳಕ್ಕೆ ಸರಿಸಿದ ಸಂಖ್ಯೆ. 6,120ರ ಪಕ್ಕದಲ್ಲಿ 12,000 ಇಟ್ಟರೆ 1.96 ಪಟ್ಟು ಬರುತ್ತದೆ. ಕಿಲೋವ್ಯಾಟ್‌ನಲ್ಲಿ ಸರಿಯಾಗಿ 2. ಶಕ್ತಿಯ ಮಟ್ಟಿಗೆ, ಆದ್ದರಿಂದ, ‘ಎರಡು ಪಟ್ಟು’ ನಿಖರವಾದ ಮಾತು.

4. ಎಳೆತ ಬಲ

ಇಲ್ಲಿ ಚಿತ್ರ ಬೇರೆ. 123 ಟನ್ ತೂಕದ ಮೂಲ ಡಬ್ಲ್ಯುಎಜಿ-9ರ ಆರಂಭಿಕ ಎಳೆತ ಬಲ 460 ಕಿಲೋನ್ಯೂಟನ್. 180 ಟನ್ನಿನ ಡಬ್ಲ್ಯುಎಜಿ-12ಬಿಯದು 706. ಅನುಪಾತ 1.53 ಮಾತ್ರ. 785 ಎಂಬ ಸಂಖ್ಯೆಯೂ ಬಳಕೆಯಲ್ಲಿದೆ, ಆದರೆ ಅದು ಆಕ್ಸಲ್ ಭಾರವನ್ನು 22.5ರಿಂದ 25 ಟನ್‌ಗೆ ಏರಿಸಿದ ಸ್ಥಿತಿಗೆ ಸೇರಿದ್ದು. ಈ ಷರತ್ತು ಬಿಟ್ಟು ಅದನ್ನು ಉಲ್ಲೇಖಿಸುವುದು ತಪ್ಪು ದಾರಿಗೆ ಎಳೆಯುತ್ತದೆ.

ಕಾರಣ ಗಾಲಿಗೂ ಹಳಿಗೂ ನಡುವಿನ ಹಿಡಿತದಲ್ಲಿದೆ. ಬಲವನ್ನು ತೂಕದಿಂದ ಭಾಗಿಸಿದರೆ ಹಿಡಿತದ ಗುಣಾಂಕ ಹಳೆಯದರಲ್ಲಿ ಸುಮಾರು 0.38, ಹೊಸದರಲ್ಲಿ 0.40, ವ್ಯತ್ಯಾಸ ಅತ್ಯಲ್ಪ. ಬಲದ ಏರಿಕೆಯ ಬಹುಪಾಲು ತೂಕ 1.46 ಪಟ್ಟಾದದ್ದರ ಫಲ. ಆಕ್ಸಲ್‌ವೊಂದರ ಶಕ್ತಿಯಾದರೋ 750ರಿಂದ 1,125 ಕಿಲೋವ್ಯಾಟ್‌ಗೆ ಏರಿದೆ. ಪೂರ್ಣ ಬಲದೊಡನೆ ಪೂರ್ಣ ಶಕ್ತಿ ಕೂಡುವ ವೇಗ, ಸ್ಥೂಲವಾಗಿ, ಗಂಟೆಗೆ 35 ಕಿ.ಮೀ.ನಿಂದ 46 ಕಿ.ಮೀ.ಗೆ ಸರಿದಿದೆ. ಅಂದರೆ ಹೆಚ್ಚುವರಿ ಶಕ್ತಿ ಗಾಡಿಯನ್ನು ಕದಲಿಸುವುದಕ್ಕಿಂತ ಓಡಿಸುವುದಕ್ಕೆ ಒದಗುವಂಥದ್ದು. ಸ್ವೀಡನ್ನಿನ ಕಿರುನಾ ಅದಿರು ಮಾರ್ಗದ ಐಓಆರ್‌ಇ ಎಂಜಿನ್ (10,800 ಕಿಲೋವ್ಯಾಟ್, 360 ಟನ್, 1,200 ಕಿಲೋನ್ಯೂಟನ್) ಇದಕ್ಕೆ ವಿರುದ್ಧ ಮಾದರಿ. ಅಲ್ಲಿ ಈ ವೇಗ ಸುಮಾರು 32 ಕಿ.ಮೀ.

5. ಎರಡು ಲೆಕ್ಕಗಳು

ಸರಕು ಕಾರಿಡಾರ್‌ಗಳ ಗರಿಷ್ಠ ಏರು 200ಕ್ಕೆ 1. ಟನ್ನಿಗೆ 15 ನ್ಯೂಟನ್ ಓಟದ ಪ್ರತಿರೋಧ ಇಟ್ಟುಕೊಂಡರೆ, 6,000 ಟನ್ ಗಾಡಿಯನ್ನು ಈ ಏರಿನಲ್ಲಿ ಡಬ್ಲ್ಯುಎಜಿ-9 ಸುಮಾರು 41 ಕಿ.ಮೀ. ವೇಗದಲ್ಲೂ ಡಬ್ಲ್ಯುಎಜಿ-12ಬಿ 82 ಕಿ.ಮೀ. ವೇಗದಲ್ಲೂ ಎಳೆಯಬಲ್ಲವು. ಪ್ರತಿರೋಧ ವೇಗದೊಡನೆ ಹೆಚ್ಚುವುದರಿಂದ ಎರಡನೆಯದನ್ನು ಮೇಲ್ಮಿತಿಯೆಂದೇ ಓದಬೇಕು.

ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಏರು 50ಕ್ಕೆ 1. ಕೇವಲ ಲೆಕ್ಕಕ್ಕಾಗಿ, ಅಂಥ ಏರಿನಲ್ಲಿ ಗಂಟೆಗೆ 30 ಕಿ.ಮೀ. ವೇಗವನ್ನು ಮಿತಿಯಾಗಿಟ್ಟರೆ, ಪೂರ್ಣ ಎಳೆತದಲ್ಲೂ ಡಬ್ಲ್ಯುಎಜಿ-12ಬಿ ಬಳಸುವುದು ಸುಮಾರು 5,880 ಕಿಲೋವ್ಯಾಟ್, ತನ್ನ ಸಾಮರ್ಥ್ಯದ ಮೂರನೇ ಎರಡರಷ್ಟು. ಡಬ್ಲ್ಯುಎಜಿ-9 ಅದೇ ವೇಗದಲ್ಲಿ 85 ಪ್ರತಿಶತ ಬಳಸುತ್ತದೆ. ಘಾಟಿಯ ಮಟ್ಟಿಗೆ ಎರಡರ ಅಂತರ 1.53 ಪಟ್ಟಿನಲ್ಲೇ ನಿಲ್ಲುತ್ತದೆ.

6. ‘ಜಗತ್ತಿನಲ್ಲೇ ಮೊದಲು’

2020ರ ಅಧಿಕೃತ ಪ್ರಕಟಣೆ, ಇಷ್ಟು ಅಶ್ವಶಕ್ತಿಯ ಎಂಜಿನ್ ಬ್ರಾಡ್‌ಗೇಜ್ ಹಳಿಯ ಮೇಲೆ ಓಡಿದ್ದು ಜಗತ್ತಿನಲ್ಲೇ ಮೊದಲೆಂದಿತು. 1,676 ಮಿ.ಮೀ. ಅಗಲದ ಹಳಿಗೆ ಸೀಮಿತಗೊಳಿಸಿದರೆ ಈ ಮಾತನ್ನು ಒಪ್ಪಬಹುದು. 1,435 ಮಿ.ಮೀ.ಗಿಂತ ಅಗಲವಾದ ಎಲ್ಲ ಹಳಿಗಳನ್ನೂ ಸೇರಿಸಿದರೆ ಒಪ್ಪಲಾಗದು: ಸೋವಿಯತ್ ಒಕ್ಕೂಟದ ನೊವೊಚೆರ್ಕಾಸ್ಕ್ ಕಾರ್ಖಾನೆ 1983ರಲ್ಲಿ ತಯಾರಿಸಿದ 12 ಆಕ್ಸಲ್‌ಗಳ ವಿಎಲ್-85, 1,520 ಮಿ.ಮೀ. ಹಳಿಯ ಮೇಲೆ ಗಂಟೆಯ ಮಾನದಲ್ಲಿ 10,020, ನಿರಂತರ ಮಾನದಲ್ಲಿ 9,360 ಕಿಲೋವ್ಯಾಟ್ ನೀಡುತ್ತಿತ್ತು.