ಗೋಡೆ ಕೆರೆದರೆ ಇತಿಹಾಸ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಅಂತ ಗಾದೆ ಮಾಡಿದವರು "ಹಳೇ ಮನೆ ರಿಪೇರಿ ಮಾಡಿ ನೋಡು" ಅನ್ನೋದನ್ನ ಯಾಕೆ ಬಿಟ್ಟರೋ! ಬಹುಶಃ ಆಗ ಎಲ್ಲರ ಮನೆಯೂ ಹೊಸದಾಗಿತ್ತೇನೋ :-)

ಕಳೆದ ಎಂಟು ತಿಂಗಳಿಂದ ಬಸವನಗುಡಿಯಲ್ಲಿರುವ ನಮ್ಮ ತಾತನ ಕಾಲದ ಮನೆಯ ರಿಪೇರಿ ನಡೆದಿದೆ. ಬಾಡಿಗೆಯವರು ಬಿಟ್ಟು ಹೋದ ಮೇಲೆ ನಾಲ್ಕು ವರ್ಷ ಬೀಗ ಹಾಕಿತ್ತು. ದೊಡ್ಡಪ್ಪನ ಮಕ್ಕಳಿಗೆ ಅದನ್ನು ಬಿಲ್ಡರಿಗೆ ಕೊಟ್ಟು ಆಳಿಗೊಂದು ಫ್ಲಾಟ್ ತೆಗೆದುಕೊಳ್ಳುವ ಯೋಚನೆ. ಅವರದೂ ತಪ್ಪಲ್ಲ. ಇವತ್ತು ಬಸವನಗುಡಿಯಲ್ಲಿ ಬೆಲೆ ಇರುವುದು ಸೈಟಿಗೆ, ಮನೆಗಲ್ಲ. ನಾನು ಮತ್ತು ನನ್ನಾಕೆ ಅಮ್ಮನನ್ನು ಕರೆದುಕೊಂಡು ಅಲ್ಲೇ ಹೋಗಿ ಇರ್ತೀವಿ ಅಂದಾಗ ದೊಡ್ಡಣ್ಣ ಒಂದೇ ಮಾತು ಹೇಳಿದ: "ಇರು, ಬೇಡ ಅನ್ನಲ್ಲ. ಆದ್ರೆ ಆ ಮನೆ ಇನ್ನೂ ಮೂವತ್ತು ವರ್ಷ ನಿಲ್ಲುತ್ತೆ ಅಂತ ತೋರಿಸು."

ಹಾಗಾಗಿ ನಾನು ಮನೆಯನ್ನು ಓದಲು ಕೂತೆ. ಓದುವುದು ಅಂದರೆ ನಿಜವಾಗಿಯೂ ಓದುವುದೇ. ಹಳೆಯ ಮನೆ ಒಂದು ದಫ್ತರವಿದ್ದ ಹಾಗೆ. ಗೋಡೆ, ನೆಲ, ಸೂರು, ಹಿತ್ತಿಲು ಎಲ್ಲದರಲ್ಲೂ ಯಾರೋ ಏನೋ ಬರೆದಿಟ್ಟಿದ್ದಾರೆ.

ಮೊದಲು ನೋಡಲು ಬಂದ ಕಂಟ್ರಾಕ್ಟರ್ ಗೋಡೆಯನ್ನು ಬೀಗದ ಕೈಯಿಂದ ಕೆರೆದು, ಉದುರಿದ ಪುಡಿ ತೋರಿಸಿ, "ಸಾರ್, ಇದ್ರಲ್ಲಿ ಸಿಮೆಂಟೇ ಇಲ್ಲ, ಬರೀ ಸುಣ್ಣ. ರಿಪೇರಿಗೆ ಹಾಕೋ ದುಡ್ಡು ನೀರಿಗೆ ಹಾಕಿದ ಹಾಗೆ. ಒಡೆದು ಕಟ್ಟೋಣ" ಅಂದರು. ಸಿಮೆಂಟಿಲ್ಲ ಅನ್ನೋದು ನಿಜ. ಆದರೆ ಅದು ದೋಷವೇ? ಇಲ್ಲಿಂದಲೇ ನನ್ನ ಕುತೂಹಲ ಶುರುವಾದದ್ದು.

ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದದ್ದು 1824ರಲ್ಲಿ. ನಮ್ಮ ದೇಶದಲ್ಲಿ ಅದರ ತಯಾರಿಕೆ ಗಟ್ಟಿಯಾಗಿ ನೆಲೆಯೂರಿದ್ದು 1914ರಲ್ಲಿ, ಪೋರಬಂದರಿನಲ್ಲಿ. ಅಂದರೆ ನಮ್ಮ ಪಟ್ಟಣಗಳ ಹಳೆಯ ಮನೆಗಳೆಲ್ಲ ಸಿಮೆಂಟಿನ ಮುಖ ನೋಡದೆ ಎದ್ದವು. ಮನೆ ಯಾಕೆ, ನಮ್ಮ ಕನ್ನಂಬಾಡಿ ಕಟ್ಟೆಯನ್ನೇ ನೋಡಿ. 1911ರಲ್ಲಿ ಶುರುವಾಗಿ 1930ರ ದಶಕದ ಆರಂಭದಲ್ಲಿ ಮುಗಿದ ಕೃಷ್ಣರಾಜಸಾಗರ ಅಣೆಕಟ್ಟಿನ ಕಲ್ಲುಗಳನ್ನು ಹಿಡಿದು ನಿಲ್ಲಿಸಿರುವುದು ಸುರ್ಕಿ ಗಾರೆ, ಅಂದರೆ ಸುಣ್ಣ ಮತ್ತು ಸುಟ್ಟ ಇಟ್ಟಿಗೆಯ ಪುಡಿ. ಕಾವೇರಿಯನ್ನೇ ತಡೆದು ನಿಲ್ಲಿಸಿದ ಗಾರೆ ನಮ್ಮ ಪಡಸಾಲೆಯ ಗೋಡೆಯನ್ನು ನಿಲ್ಲಿಸಲಾರದೇ?

ಇನ್ನೊಂದು ತಮಾಷೆ ಗಮನಿಸಿದ್ದೀರಾ? ಇವತ್ತಿಗೂ ನಾವು "ಗಾರೆ ಕೆಲಸದವರು" ಅಂತಲೇ ಅನ್ನುತ್ತೇವೆ. ಸಿಮೆಂಟ್ ಬಂದು ನೂರು ವರ್ಷ ದಾಟಿದರೂ, ಕರಣೆ ಹಿಡಿದವರು ಸುಣ್ಣದ ಗಾರೆ ಮುಟ್ಟಿ ದಶಕಗಳಾದರೂ, ಹೆಸರು ಮಾತ್ರ ಹಾಗೇ ಉಳಿದಿದೆ.

ಸುಣ್ಣದ ಕಥೆ ಸರಳ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಯಲ್ಲಿ ಸುಟ್ಟರೆ ಅದರಲ್ಲಿದ್ದ ಇಂಗಾಲದ ಡೈಆಕ್ಸೈಡ್ ಹೋಗುತ್ತದೆ. ಉಳಿದ ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕೊತಕೊತ ಕುದ್ದು ಅರಳುತ್ತದೆ. ಅದನ್ನು ಮರಳಿನ ಜೊತೆ ಅರೆದು ಗೋಡೆಗೆ ಹಚ್ಚಿದರೆ, ಗಾಳಿಯಲ್ಲಿರುವ ಅದೇ ಅನಿಲವನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಸಿಮೆಂಟಿನಷ್ಟು ಬೇಗ ಅಲ್ಲ, ಅಷ್ಟು ಗಟ್ಟಿಯೂ ಅಲ್ಲ. ಆದರೆ ಅದರ ಗುಣ ಬೇರೆ. ಗೋಡೆಯೊಳಗೆ ಸೇರಿದ ತೇವವನ್ನು ಹೊರಗೆ ಬಿಡುತ್ತದೆ. ಹಳೆಯ ಮನೆಗಳಿಗೆ ಇದು ಬಹಳ ಮುಖ್ಯ, ಏಕೆಂದರೆ ಅವುಗಳ ಕಲ್ಲಿನ ತಳಪಾಯದ ಮೇಲೆ ಈಗಿನ ಹಾಗೆ ತೇವ ತಡೆಯುವ ಪದರ ಹಾಕುತ್ತಿರಲಿಲ್ಲ. ನೆಲದ ತೇವ ಗೋಡೆಗೆ ಏರುವುದು, ಸುಣ್ಣದ ಮೈಯಿಂದ ಆರಿ ಹೋಗುವುದು, ಇದು ಅವರ ಲೆಕ್ಕ.

ಈ ಲೆಕ್ಕ ತಪ್ಪಿದ ಜಾಗವೂ ನಮ್ಮ ಮನೆಯಲ್ಲೇ ಸಿಕ್ಕಿತು. ಊಟದ ಮನೆಯ ಗೋಡೆಗೆ ಯಾವ ಕಾಲದಲ್ಲೋ ಯಾರೋ ಕೆಳಗಿನ ಮೂರು ಅಡಿ ಸಿಮೆಂಟ್ ಬಳಿದು ಮೇಲೆ ಎಣ್ಣೆ ಬಣ್ಣ ಹೊಡೆಸಿದ್ದರು. ತೇವಕ್ಕೆ ಹೊರಬರಲು ದಾರಿಯಿಲ್ಲದೆ ಇನ್ನೂ ಮೇಲೇರಿ, ಸಿಮೆಂಟ್ ಮುಗಿಯುವ ಕಡೆ ಬಿಳಿ ಉಪ್ಪಾಗಿ ಒಡೆದಿತ್ತು. ಪಕ್ಕದ ಕೋಣೆಯಲ್ಲಿ ಯಾರೂ ಮುಟ್ಟದ ಸುಣ್ಣದ ಗೋಡೆ ಒಣಗಿ ಗಟ್ಟಿಯಾಗಿಯೇ ಇತ್ತು. ಒಂದೇ ಮನೆ, ಒಂದೇ ತಳಪಾಯ! ದೊಡ್ಡಣ್ಣನನ್ನು ಕರೆತಂದು ಮೊದಲು ತೋರಿಸಿದ್ದು ಈ ಎರಡು ಗೋಡೆಗಳನ್ನೇ.

ಇನ್ನು ಸೂರು. ನಮ್ಮದು ಮದ್ರಾಸ್ ತಾರಸಿ. ಬೆಂಗಳೂರು, ಮೈಸೂರು, ಮದ್ರಾಸ್ ಕಡೆ ಕಾಂಕ್ರೀಟ್ ಬರುವ ಮುಂಚೆ ಮಟ್ಟಸವಾದ ಮಾಡು ಬೇಕೆಂದರೆ ಇದೇ ಗತಿ. ಗೋಡೆಯಿಂದ ಗೋಡೆಗೆ ತೊಲೆ, ತೊಲೆಗಳ ಮೇಲೆ ಹತ್ತಿರ ಹತ್ತಿರ ತೇಗದ ಜಂತೆಗಳು, ಅವುಗಳ ಮೇಲೆ ತೆಳುವಾದ ಸಣ್ಣ ಇಟ್ಟಿಗೆಗಳನ್ನು ಮಗ್ಗುಲಿಗೆ ನಿಲ್ಲಿಸಿ ಓರೆಯಾಗಿ ಸುಣ್ಣದ ಗಾರೆಯಲ್ಲಿ ಕೂರಿಸುತ್ತಿದ್ದರು. ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ದಪ್ಪ ಪದರ. ಆ ಪದರವನ್ನು ಹೆಂಗಸರು ಸಾಲಾಗಿ ಕೂತು ಮರದ ಬಡಿಗೆಗಳಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಬಡಿಯುವಾಗ ಚಿಮುಕಿಸುತ್ತಿದ್ದದ್ದು ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು. ಬಡಿಗೆ ಪುಟಿಯುವಷ್ಟು ಗಟ್ಟಿಯಾದ ಮೇಲೆ ಚಪ್ಪಟೆ ಬಿಲ್ಲೆ ಹಾಸಿ ಮುಗಿಸುತ್ತಿದ್ದರು. ನಮ್ಮ ಮಾಳಿಗೆಗೆ ಅಷ್ಟು ದಿನ ಬಡಿದವರ ಹೆಸರು ಯಾವ ಕ್ರಯಪತ್ರದಲ್ಲೂ ಇಲ್ಲ.

ಮಾಳಿಗೆ ಸೋರುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಎರಡನೆಯದಾಗಿ ಬಂದ, ಎಪ್ಪತ್ತು ದಾಟಿದ ಮೇಸ್ತ್ರಿ ಒಂದೊಂದು ಜಂತೆಯನ್ನೂ ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟು ಕೇಳಿದರು. ಕೊನೆಗೆ, "ಇಪ್ಪತ್ತಾರು ಜಂತೇಲಿ ಮೂರಕ್ಕೆ ಗೆದ್ದಲು ಹಿಡಿದಿದೆ ಸಾರ್. ಗೋಡೆ ಒಳಗೆ ಸೇರೋ ತುದಿ ಮಾತ್ರ. ಮಿಕ್ಕಿದ್ದು ನನಗಿಂತ ಗಟ್ಟಿಯಾಗಿದೆ" ಅಂದರು. ಮೂರು ಜಂತೆಗಾಗಿ ಇಡೀ ಮನೆ ಒಡೆಯಬೇಕಿತ್ತೇ?

ನಡುಮನೆಯ ಸೂರಿಗೆ ಮಾತ್ರ ಕಬ್ಬಿಣದ ತೊಲೆ ಇದೆ. ಬಣ್ಣ ಕೆರೆದಾಗ "ಡಾರ್ಮನ್ ಲಾಂಗ್" ಅಂತ ಉಬ್ಬಕ್ಷರ ಕಾಣಿಸಿತು. ಇಂಗ್ಲೆಂಡಿನ ಮಿಡಲ್ಸ್‌ಬರೋ ಊರಿನ ಕಂಪನಿ ಅದು. 1932ರಲ್ಲಿ ತೆರೆದ ಸಿಡ್ನಿ ಬಂದರಿನ ಕಮಾನು ಸೇತುವೆ ಕಟ್ಟಿದವರೂ ಅವರೇ. ಸಿಡ್ನಿ ಸೇತುವೆಯ ದಾಯಾದಿಯೊಬ್ಬ ನಮ್ಮ ತಲೆ ಮೇಲೆ ಮಲಗಿದ್ದಾನೆ ಅಂತ ತಿಳಿದು ನನ್ನ ಮಗಳಿಗೆ ಭಾರೀ ಖುಷಿ.

ಅಡುಗೆಮನೆಯ ಮೇಲೆ ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, ಮತ್ತು 1865ರಲ್ಲಿ ಗಿಯೋರ್ಗ್ ಪ್ಲೆಬ್ಸ್ಟ್ ಎಂಬಾತ ನೇತ್ರಾವತಿಯ ಜೇಡಿಮಣ್ಣಿನಿಂದ ಹೆಂಚು ಮಾಡುವ ಕಾರ್ಖಾನೆ ಶುರು ಮಾಡಿದ. ಹೆಂಚಿನ ಬೆನ್ನ ಮೇಲೆ 1865 ಅಂತ ಕಂಡರೆ "ನಮ್ಮ ಮನೆ 1865ರದ್ದು" ಅಂತ ಬೀಗಬೇಡಿ. ಅದು ಕಾರ್ಖಾನೆ ಹುಟ್ಟಿದ ವರ್ಷ, ಹೆಂಚು ಹುಟ್ಟಿದ್ದಲ್ಲ.

ಮನೆಯ ವಯಸ್ಸು ನಿಜಕ್ಕೂ ತಿಳಿಯಬೇಕಾದರೆ ಊರಿನ ಚರಿತ್ರೆ ನೋಡಬೇಕು. 1890ರ ದಶಕದಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲದಲ್ಲಿ, ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳ ಯೋಜನೆ ಆಯಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಆ ಕೆಲಸಕ್ಕೆ ಒಮ್ಮೆಲೇ ಅವಸರ ಬಂತು. ಚಿಕ್ಕಪೇಟೆ, ಬಳೇಪೇಟೆಗಳಲ್ಲಿ ಗೋಡೆಗೆ ಗೋಡೆ ಅಂಟಿಸಿಕೊಂಡು ಇದ್ದ ಜನ ಊರ ಹೊರಗಿನ ಬಯಲಿಗೆ ಬಂದರು. ಅಗಲ ರಸ್ತೆ, ನೇರ ಅಡ್ಡರಸ್ತೆ, ಮನೆಯ ಸುತ್ತ ಖಾಲಿ ಜಾಗ. ಬಡಾವಣೆಯ ಭಾಗಗಳನ್ನು ಜಾತಿ ಸಮುದಾಯಗಳ ಲೆಕ್ಕದಲ್ಲಿ ಹಂಚಿದ್ದರು ಅನ್ನುವುದನ್ನೂ ಮರೆಯಬಾರದು. ಪ್ಲೇಗಿಗೆ ಓಡಿ ಬಂದವರು ಜಾತಿಯನ್ನು ಪೇಟೆಯಲ್ಲಿ ಬಿಟ್ಟು ಬರಲಿಲ್ಲ.

ಪ್ಲೇಗಿನ ರೋಗಾಣುವನ್ನು 1894ರಲ್ಲೇ ಯೆರ್ಸಿನ್ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದ. ಇಲಿಯಿಂದ ಮನುಷ್ಯನಿಗೆ ಅದನ್ನು ದಾಟಿಸುವುದು ಚಿಗಟ ಅಂತ ಪಾಲ್ ಲೂಯಿ ಸಿಮಾಂಡ್ ಕಂಡುಕೊಂಡದ್ದು 1898ರಲ್ಲಿ, ಕರಾಚಿಯಲ್ಲಿ. ಆದರೆ ಎಲ್ಲರೂ ಅದನ್ನು ಒಪ್ಪಲು ಇನ್ನೂ ಕೆಲವು ವರ್ಷ ಹಿಡಿಯಿತು. ಅಲ್ಲಿಯವರೆಗೆ ಗಾಳಿ ಬೆಳಕಿಲ್ಲದ್ದೇ ರೋಗದ ಮೂಲ ಅನ್ನುವ ನಂಬಿಕೆ ಬಲವಾಗಿತ್ತು. ಈ ಬಡಾವಣೆಗಳ ಮನೆಗಳಲ್ಲಿ ಎದುರು ಬದುರು ಕಿಟಕಿ, ಎತ್ತರದ ಸೂರು, ಸೂರಿನ ಕೆಳಗೆ ಗಾಳಿಕಿಂಡಿ ಕಾಣುವುದು ಆ ಕಾಲದ ನಂಬಿಕೆಗೆ ತಕ್ಕ ಹಾಗೇ ಇದೆ. ಕಾರಣ ಅರ್ಧ ತಪ್ಪಾಗಿರಬಹುದು, ಮನೆ ಮಾತ್ರ ಸರಿಯಾಗಿ ಬಂತು! ಮೊದಲಿನ ಕಂಟ್ರಾಕ್ಟರ್ ಆ ಕಿಂಡಿಗಳನ್ನು ಮುಚ್ಚಿ, ಫಾಲ್ಸ್ ಸೀಲಿಂಗ್ ಹಾಕಿ, ಎಸಿ ಕೂರಿಸೋಣ ಅಂದಿದ್ದರು. ಏಪ್ರಿಲ್ ತಿಂಗಳ ಮಧ್ಯಾಹ್ನ ಆ ಕಿಂಡಿಗಳ ಕೆಳಗೆ ನಿಂತವರು ಹಾಗೆ ಹೇಳಲಾರರು.

ನಮ್ಮ ಮನೆ ಪ್ಲೇಗಿನ ಕಾಲದ್ದಲ್ಲ. ನಡುಮನೆಯಲ್ಲಿ ಕೆಂಪು ನೆಲ ಇದೆ, ಸಿಮೆಂಟಿಗೆ ರೆಡ್ ಆಕ್ಸೈಡ್ ಬೆರೆಸಿ ಕರಣೆಯಿಂದ ತಿಕ್ಕಿ ತಿಕ್ಕಿ ಹೊಳಪು ತಂದದ್ದು. ನೆಲಕ್ಕೆ ಸಿಮೆಂಟ್ ಬಂದರೂ ಗೋಡೆಗೆ ಇನ್ನೂ ಸುಣ್ಣವೇ ಅಂದರೆ ಎರಡು ಕಾಲಗಳ ನಡುವೆ ಕಟ್ಟಿದ ಮನೆ. ಮನೆಯವರು ಹೇಳುವ 1930ರ ದಶಕಕ್ಕೆ ಇದು ಸರಿಹೊಂದುತ್ತದೆ. ಗೋಡೆಯ ಮೇಲೆ ಹಳೆಯ ವಿದ್ಯುತ್ ತಂತಿ ಹಾಯಿಸಿದ ಮರದ ಪಟ್ಟಿಗಳೂ ಇವೆ. ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, ಬೆಂಗಳೂರಿನ ಬೀದಿಗೆ ಬಂದದ್ದು 1905ರಲ್ಲಿ. ಆಗಿನವರು ತಂತಿಗಾಗಿ ಗೋಡೆ ಕೊರೆಯಲಿಲ್ಲ, ಮೇಲೇ ಹಾಯಿಸಿದರು. ನಾವೂ ಹಾಗೇ ಮಾಡಿದೆವು. ಸುಣ್ಣದ ಗೋಡೆಯನ್ನು ಮೆಷಿನ್ನಿನಿಂದ ಸೀಳುವುದಕ್ಕಿಂತ ಹೊರಗೆ ಕಾಣುವ ಪೈಪೇ ವಾಸಿ.

ಇನ್ನು ಹಿತ್ತಿಲಿನ ವಿಷಯ. ಇದನ್ನು ಬರೆಯದೆ ಬಿಟ್ಟರೆ ಇತಿಹಾಸ ಬರೆದಂತಾಗುವುದಿಲ್ಲ.

ಹಿಂದಿನ ಕಾಂಪೌಂಡಿನ ಬಳ್ಳಿಗಳನ್ನು ಕಿತ್ತಾಗ ಗೋಡೆಯಲ್ಲಿ ಇಟ್ಟಿಗೆ ಇಟ್ಟು ಮುಚ್ಚಿದ ಒಂದು ಪುಟ್ಟ ಬಾಗಿಲು ಕಾಣಿಸಿತು. ಬಗ್ಗಿದರೆ ಮಾತ್ರ ದಾಟಬಹುದಾದಷ್ಟು ಎತ್ತರ. ಅದರಾಚೆ ಕನ್ಸರ್ವೆನ್ಸಿ ಓಣಿ. ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮನೆಸಾಲುಗಳ ಬೆನ್ನಿಗೆ ಇರುವ ಈ ಕಿರುಓಣಿಗಳನ್ನು ನೀವು ನೋಡಿರುತ್ತೀರಿ. ಈಗ ಕೆಲವು ಕಡೆ ಸ್ಕೂಟರ್ ನಿಲ್ಲುತ್ತವೆ. ಒಳಚರಂಡಿ ಇಲ್ಲದ ಕಾಲದಲ್ಲಿ ಪಾಯಿಖಾನೆ ಹಿತ್ತಿಲ ಕೊನೆಯಲ್ಲಿತ್ತು, ಅದನ್ನು ಬಳಿದು ಹೊತ್ತೊಯ್ಯುವವರು ಬರಲು ಈ ಓಣಿ. ಊರನ್ನು ರೋಗದಿಂದ ಕಾಪಾಡುವ ಮಾದರಿ ಬಡಾವಣೆಯ ನಕ್ಷೆಯಲ್ಲೇ ಆ ಮನುಷ್ಯರಿಗೆ ಬೇರೆ ದಾರಿ, ಬೇರೆ ಬಾಗಿಲು ಬರೆದಿಟ್ಟಿದ್ದರು.

ಅಮ್ಮ ಮದುವೆಯಾಗಿ ಬರುವ ಹೊತ್ತಿಗೆ ಒಳಚರಂಡಿ ಬಂದಿತ್ತಂತೆ. ಅಜ್ಜಿ ಹೇಳಿದ್ದನ್ನು ಅಮ್ಮ ನೆನಪಿಸಿಕೊಂಡರು: "ಒಬ್ಬಳೇ ಹೆಂಗಸು ವರ್ಷಾನುಗಟ್ಟಲೆ ಬರ್ತಿದ್ದಳಂತೆ ಕಣೋ. ಹೆಸರೇನು ಅಂತ ಕೇಳಿದ್ರೆ ನಿಮ್ಮಜ್ಜಿಗೆ ಗೊತ್ತೇ ಇರಲಿಲ್ಲ." ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ್ದು 1970ರ ದಶಕದಲ್ಲಿ, ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ. ದೇಶಕ್ಕೆಲ್ಲ ಕಾಯಿದೆ ಬಂದದ್ದು 1993ರಲ್ಲಿ, ಮತ್ತೆ ಬಿಗಿಯಾದ ಕಾಯಿದೆ 2013ರಲ್ಲಿ. ಕಾಯಿದೆ ಬಂದ ಮೇಲೂ ಮ್ಯಾನ್‌ಹೋಲಿನಲ್ಲಿ ಸತ್ತವರ ಸುದ್ದಿ ಓದುತ್ತಲೇ ಇದ್ದೇವೆ.

ಕೆಲಸದವರು ಆ ಬಾಗಿಲಿಗೆ ಪ್ಲಾಸ್ಟರ್ ಮಾಡಿ ಕಾಣದ ಹಾಗೆ ಮಾಡಲೇ ಅಂತ ಕೇಳಿದರು. ನನ್ನಾಕೆ ಬೇಡ ಅಂದಳು. "ಕೆಂಪು ನೆಲ, ತೇಗದ ಜಂತೆ ಎಲ್ಲ ನಮ್ಮ ಹಿರಿಯರದ್ದು ಅಂತ ಬಂದವರಿಗೆ ತೋರಿಸ್ತೀರಲ್ಲ, ಇದನ್ನೂ ತೋರಿಸಿ." ಅವಳ ಮಾತೇ ಸರಿ. ಬಾಗಿಲು ಹಾಗೇ ಇದೆ.

ಈಗ ಲೆಕ್ಕಕ್ಕೆ ಬರೋಣ. ಮೂರು ಜಂತೆ ಬದಲಾಯಿಸಿದ್ದಾಯಿತು. ಮಾಳಿಗೆಯ ಮೇಲಿನ ಬಿಲ್ಲೆ ತೆಗೆದು, ಬಿರುಕಿಗೆ ಸುಣ್ಣ ಸುರ್ಕಿ ತುಂಬಿ, ಮತ್ತೆ ಬಿಲ್ಲೆ ಹಾಸಿದ್ದಾಯಿತು. ಊಟದ ಮನೆಯ ಸಿಮೆಂಟ್ ಕಿತ್ತು ಒಂದು ಬೇಸಿಗೆ ಪೂರ್ತಿ ಒಣಗಲು ಬಿಟ್ಟು ಸುಣ್ಣದ ಗಾರೆ ಮಾಡಿಸಿದೆವು. ಹಂಡೆ ಒಲೆಯ ಬಚ್ಚಲಿನ ಜಾಗದಲ್ಲಿ ಅಮ್ಮನಿಗೆ ಅನುಕೂಲವಾಗುವ ಹೊಸ ಬಚ್ಚಲು ಬಂದಿದೆ, ಜಾರದ ನೆಲ, ಹಿಡಿದುಕೊಳ್ಳಲು ಸರಳು. ಹಳೆಯದೆಲ್ಲ ಹೊನ್ನು ಅಂತ ಹಟ ಮಾಡಿದರೆ ವಯಸ್ಸಾದವರು ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಒಟ್ಟು ಖರ್ಚು ಹೊಸದಾಗಿ ಕಟ್ಟಲು ಹೇಳಿದ ಮೊತ್ತದ ಅರ್ಧಕ್ಕಿಂತ ಕಡಿಮೆ. ಸಮಯ ಮಾತ್ರ ಹೆಚ್ಚು ಹಿಡಿಯಿತು, ಸುಣ್ಣಕ್ಕೆ ಅವಸರ ಗೊತ್ತಿಲ್ಲ.

ಈ ಮಳೆಗಾಲದಲ್ಲಿ ಮಾಳಿಗೆ ಸೋರಲಿಲ್ಲ. ದೊಡ್ಡಣ್ಣ ಬಂದು ಸೂರು ನೋಡಿ, ಜಂತೆ ತಟ್ಟಿ, "ಮೂವತ್ತು ವರ್ಷ ಆದ್ಮೇಲೆ ಕೇಳ್ತೀನಿ" ಅಂತ ಹೇಳಿ ಕಾಫಿ ಕುಡಿದು ಹೋದ. ಅಷ್ಟರ ಮಟ್ಟಿಗೆ ಮನೆ ಗೆದ್ದಿದೆ. ಬರುವ ತಿಂಗಳು ಹಾಲು ಉಕ್ಕಿಸಿ ಹೋಗಿ ಸೇರುತ್ತೇವೆ.

ನೀವೂ ಇಂಥ ಮನೆಗೆ ಕೈ ಹಾಕುವವರಾದರೆ ನನ್ನದೊಂದೇ ಸಲಹೆ. ಒಡೆಯಿರಿ ಅನ್ನುವವರನ್ನು ಕರೆಯುವ ಮುಂಚೆ ಜಂತೆ ತಟ್ಟಿ ನೋಡುವ ಮೇಸ್ತ್ರಿಯೊಬ್ಬರನ್ನು ಹುಡುಕಿ. ಅಂಥವರು ಈಗ ಬಹಳ ಮಂದಿ ಉಳಿದಿಲ್ಲ. ನಮ್ಮ ಮೇಸ್ತ್ರಿಯ ಮಕ್ಕಳಿಬ್ಬರೂ ಟೈಲ್ಸ್ ಕೆಲಸ ಮಾಡುತ್ತಾರೆ, ಗಾರೆ ಕಲಿತಿಲ್ಲ. ಮೂವತ್ತು ವರ್ಷದ ನಂತರ ಮನೆ ನಿಂತಿರಬಹುದು, ಅದನ್ನು ರಿಪೇರಿ ಮಾಡುವವರು ಸಿಗುತ್ತಾರೋ ಇಲ್ಲವೋ ಅನ್ನುವುದೇ ಈಗ ನನ್ನ ಚಿಂತೆ.