ಹರಿಗೋಲು: ಹೆಣಿಗೆ, ಹೊದಿಕೆ, ಆರೈಕೆ

ಬಿದಿರಿನ ದಬ್ಬೆಗಳನ್ನು ಒಂದರೊಳಗೊಂದು ಹೆಣೆದು, ಹೊರಮೈಗೆ ನೀರಿಳಿಯದ ಹೊದಿಕೆ ಬಿಗಿದು ಸಿದ್ಧಪಡಿಸುವ ದುಂಡನೆಯ ದೋಣಿಗೆ ಹರಿಗೋಲು ಎಂದು ಹೆಸರು. ಹನುಮನಹಳ್ಳಿ, ಆನೆಗೊಂದಿಗಳ ಬಳಿ ತುಂಗಭದ್ರೆಯು ಗ್ರಾನೈಟ್ ಬಂಡೆಗಳ ನಡುವೆ ಹರಿಯುವುದರಿಂದ, ನೀರಿನಲ್ಲಿ ಆಳಕ್ಕಿಳಿಯುವ ದೋಣಿಗಳಿಗಿಂತ ಚಪ್ಪಟೆ ತಳದ ಈ ಹಗುರ ದೋಣಿಯೇ ಇಲ್ಲಿಗೆ ಹೆಚ್ಚು ಒಗ್ಗಿದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಗೆ ಜನರು ದಾಟುತ್ತಿದ್ದ, ಚರ್ಮ ಹೊದಿಸಿದ ಇಂಥ ದೋಣಿಗಳು ಹದಿನೈದಿಪ್ಪತ್ತು ಮಂದಿಯನ್ನು ಹೊರುತ್ತಿದ್ದವೆಂದೂ ಸುತ್ತುತ್ತಲೇ ಸಾಗುತ್ತಿದ್ದವೆಂದೂ ದಾಖಲಿಸಿದ್ದಾನೆ. ರಾಜ್ಯದ ಹೊಳೆಗಳಲ್ಲೆಲ್ಲ ಬೇರೆ ದೋಣಿಗಳೇ ಇಲ್ಲವೆಂಬ ಅವನ ಮಾತು ಮಾತ್ರ ಕರಾವಳಿಯ ಹೊಳೆಗಳಿಗೆ ಅನ್ವಯಿಸದು.

ಕಾಲಕ್ರಮದಲ್ಲಿ ಚರ್ಮದ ಸ್ಥಾನಕ್ಕೆ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ. ಸದಾ ಒದ್ದೆಯಾಗಿದ್ದರೆ ಬಿದಿರು ಕೊಳೆಯುವುದರಿಂದ, ಬಳಕೆಯಿಲ್ಲದಾಗ ಹರಿಗೋಲನ್ನು ದಡಕ್ಕೆಳೆದು ಬೋರಲು ಹಾಕಿ ಒಣಗಿಸಲಾಗುತ್ತದೆ. ದೊಡ್ಡದಾದರೆ ಅದನ್ನು ಮಗುಚಲು ನಾಲ್ಕಾರು ಜನ ಕೈಗೂಡಿಸಬೇಕು. ತಳವು ಬಂಡೆಗೆ ಉಜ್ಜಿ ಹೊದಿಕೆ ಹರಿದಲ್ಲಿ ತೇಪೆ ಹಾಕಿ, ಕಾಯಿಸಿದ ಡಾಂಬರನ್ನು ಬಳಿಯುತ್ತಾರೆ. ಮುರಿದ ದಬ್ಬೆಯ ಜಾಗಕ್ಕೆ ಹೊಸದನ್ನು ತೂರಿಸಿ ಹೆಣಿಗೆಯನ್ನು ಬಿಗಿಗೊಳಿಸುತ್ತಾರೆ. ಆಕಾರವನ್ನು ಹಿಡಿದಿಡುವುದು ದಪ್ಪನಾಗಿ ಸುತ್ತಿದ ಮೇಲಂಚು. ಅದು ಸಡಿಲಿದರೆ ಇಡೀ ದೋಣಿಯೇ ಸೊಟ್ಟಗಾಗುತ್ತದೆ.

ಹುಟ್ಟನ್ನು, ಅಂದರೆ ತುದಿಯಲ್ಲಿ ಅಗಲ ಹಲಗೆಯುಳ್ಳ ಕೋಲನ್ನು, ಅಂಬಿಗನು ಮುಂದಿನಿಂದ ತನ್ನತ್ತ ಎಳೆಯುತ್ತ ಹರಿಗೋಲನ್ನು ನಡೆಸುತ್ತಾನೆ. ತುಂಗಭದ್ರಾ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಸಂಚಾರ ನಿಲ್ಲುತ್ತದೆ. ಆಗ ಹರಿಗೋಲುಗಳನ್ನು ಪ್ರವಾಹ ಮುಟ್ಟದ ಎತ್ತರಕ್ಕೆ ಹೊತ್ತು ಸಾಗಿಸಬೇಕಾಗುತ್ತದೆ.