ನಮ್ಮೂರ ಬೆಣ್ಣಿಹಳ್ಳ

ನವಲಗುಂದದ ಕಡೆಯವನು ಅಂದರೆ ಸಾಕು, ಬೆಂಗಳೂರಿನ ಗೆಳೆಯರು ಮಹದಾಯಿ ಬಗ್ಗೆ ಕೇಳುತ್ತಾರೆ. ನಮ್ಮ ಹೊಲದ ಪಕ್ಕದಲ್ಲೇ ಹರಿಯುವ ಬೆಣ್ಣಿಹಳ್ಳದ ಬಗ್ಗೆ ಇದುವರೆಗೆ ಒಬ್ಬರೂ ಕೇಳಿಲ್ಲ. ಹೆಸರಿನಲ್ಲೇ 'ಹಳ್ಳ' ಇದೆಯಲ್ಲ, ಹೊಳೆ ಅನ್ನಿಸಿಕೊಳ್ಳುವ ಯೋಗ ಅದಕ್ಕಿಲ್ಲ!

ನಮ್ಮ ಜಿಲ್ಲೆಯ ನೀರು ಎರಡು ಕಡೆ ಹರಿಯುತ್ತದೆ ನೋಡಿ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಕಲಘಟಗಿ ಸೀಮೆ ದಾಟಿ, ಬೇಡ್ತಿಯಾಗಿ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಲ್ಲಿ ಅರಬ್ಬಿ ಸಮುದ್ರ ಸೇರುತ್ತಾಳೆ. ಆಕೆಗೆ ಕಾಡು, ಜಲಪಾತ, ಪ್ರವಾಸಿಗರು ಎಲ್ಲ ಉಂಟು. ಬೆಣ್ಣಿಹಳ್ಳ ಶಿಗ್ಗಾವಿ ತಾಲ್ಲೂಕಿನ ದುಂಡಸಿ ಹತ್ತಿರ ಹುಟ್ಟಿ, ಕುಂದಗೋಳ, ಹುಬ್ಬಳ್ಳಿ, ನವಲಗುಂದದ ಎರಿ ಹೊಲಗಳ ನಡುವೆ ಉತ್ತರಕ್ಕೆ ಹರಿದು ರೋಣ ತಾಲ್ಲೂಕಿನ ಮೆಣಸಗಿ ಬಳಿ ಮಲಪ್ರಭೆ ಸೇರುತ್ತದೆ. ಅಲ್ಲಿಂದ ಕೃಷ್ಣೆ, ಬಂಗಾಳ ಕೊಲ್ಲಿ. ದಾರಿಯಲ್ಲಿ ತುಪ್ಪರಿಹಳ್ಳವೂ ಬಂದು ಕೂಡುತ್ತದೆ. (ಬೆಣ್ಣಿಗೆ ತುಪ್ಪ! ಹೆಸರಿಟ್ಟವರು ಊಟದ ಹೊತ್ತಿಗೆ ಇಟ್ಟಿರಬೇಕು.)

ಬ್ಯಾಸಗಿಯಲ್ಲಿ ಹಳ್ಳದ ತುಂಬ ಜಾಲಿ ಮುಳ್ಳು. ಆದರೆ ನೆಲ ಸಪಾಟು, ದಂಡೆ ತಗ್ಗು. ಮೇಲೆ ಜೋರು ಮಳೆಯಾದರೆ ನೀರಿಗೆ ಇಳಿಜಾರಿಲ್ಲದೆ ಅಗಲಕ್ಕೆ ಹಬ್ಬಿ ಹೊಲ ನುಂಗುತ್ತದೆ. ನಮ್ಮಜ್ಜ ಹೇಳುತ್ತಿದ್ದರು: "ಮುಗಿಲ ನೋಡಿ ಹಳ್ಳ ದಾಟಬ್ಯಾಡೋ ತಮ್ಮಾ, ಕುಂದಗೋಳ ಕಡೆ ಮಳಿ ಆಗೇತೇನ ಕೇಳು." ನಮ್ಮಲ್ಲಿ ಬಿಸಿಲಿದ್ದಾಗಲೇ ಹಳ್ಳ ಬರುತ್ತದೆ. 2009ರಲ್ಲಿ ಬಂತು, 2019ರ ಆಗಸ್ಟ್‌ನಲ್ಲೂ ಬಂತು. ಆ ಸಲ ನಮ್ಮ ಹೆಸರಿನ ಬೆಳೆ ಎಲ್ಲಾ ಕೊಚ್ಚಿಹೋಯಿತು, ಮೇಲೆ ಒಂದು ಪದರ ರಾಡಿ ಉಳಿಯಿತು.

ಆದರೆ ನವಲಗುಂದದ ನೀರಿನ ಇತಿಹಾಸ ಅಂತ ಬರೆಯುವುದೆಲ್ಲ ದೂರದಿಂದ ಬರುವ ನೀರಿನದೇ. ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ ಕಾಲುವೆ ತಂದರು. ನೀರು ಸರಿಯಾಗಿ ಮುಟ್ಟುವ ಮೊದಲೇ ಕರ ಮುಟ್ಟಿತು. ನೀರಿನ ಕರ, ಅಭಿವೃದ್ಧಿ ಕರ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರು ಸಿಡಿದೆದ್ದರು, ಗೋಲಿಬಾರ್ ಆಯಿತು, ಜನ ಸತ್ತರು. ಗುಂಡೂರಾವ್ ಸರ್ಕಾರದ ಕಾಲ ಅದು. ಕರ್ನಾಟಕದ ರೈತ ಚಳವಳಿಗೆ ಬಲ ಬಂದದ್ದು ಅಲ್ಲಿಂದ. ಮುಂದೆ ಅದೇ ಮಲಪ್ರಭೆಯನ್ನು ತುಂಬಿಸಲು ಕಳಸಾ-ಬಂಡೂರಿ ಹೋರಾಟ. 2018ರಲ್ಲಿ ನ್ಯಾಯಮಂಡಳಿ ಆ ಎರಡು ಹಳ್ಳಗಳಿಂದ ತಿರುಗಿಸಲು ಕೊಟ್ಟದ್ದು 3.9 ಟಿಎಂಸಿ.

ಆ ಹೋರಾಟ ಸುಳ್ಳು ಅಂತ ನಾನು ಹೇಳುತ್ತಿಲ್ಲ, ಕುಡಿಯುವ ನೀರಿಗೂ ಅದೇ ಗತಿ. ಆದರೂ ನೆರೆಯ ವರ್ಷ ಕಣ್ಣೆದುರೇ ಹರಿದುಹೋಗುವ ನೀರು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಹಳ್ಳವನ್ನು ಮರೆಯದಿದ್ದದ್ದು ಯಮನೂರಿನ ಜಾತ್ರೆಯೊಂದೇ. ಹಿಂದೂಗಳು, ಮುಸ್ಲಿಮರು ಇಬ್ಬರೂ ನಡೆದುಕೊಳ್ಳುವ ಚಾಂಗದೇವ–ರಾಜಾಬಾಗಸವಾರ ಅಲ್ಲಿದ್ದಾನೆ. ಬಂದವರು ಮೊದಲು ಹಳ್ಳದಲ್ಲಿ ಮಿಂದು ಆಮೇಲೆ ಗುಡಿಗೆ ಹೋಗುತ್ತಾರೆ. ಎಣ್ಣೆಯ ಬದಲು ಈ ಹಳ್ಳದ ನೀರಿನಿಂದಲೇ ದೀಪ ಉರಿಯುತ್ತದೆ ಅನ್ನುವುದು ಅಲ್ಲಿಯ ನಂಬಿಕೆ. ನಮ್ಮವ್ವ ಪ್ರತಿ ಸಲ ಒಂದು ಬಾಟಲಿ ತುಂಬಿಸಿಕೊಂಡು ಬರುತ್ತಿದ್ದಳು.